ಮೀನಿನ ಮನೆಗೆ ಯಾವ ರೀಲು, ಯಾವ ಲೆನ್ಸು?

"ಕಾಕಾ, ಬೆಂಗಳೂರಿಗೆ ಹೊಂಟೀನಿ. ಕಬ್ಬನ್ ಪಾರ್ಕಿನ್ಯಾಗ ಮೀನಿನ ಮನಿ ಐತಲ್ಲ, ಅಲ್ಲಿ ಫೋಟೊ ತೆಗೀಬೇಕಂದ್ರ ಯಾವ ರೀಲ್ ಹಾಕ್ಲಿ?"

ಕೇಳಿದವನು ಹೊನವಾಡದ ನಮ್ಮ ಓಣಿಯ ಹುಡುಗ. ಕೊರಳಲ್ಲಿ ಅವರಪ್ಪನ ಕಾಲದ ಯಾಶಿಕಾ ಎಫ್‌ಎಕ್ಸ್-3, ಕಿಸೆಯಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನ ಟಿಕೇಟು. ನಾನು ತಕ್ಷಣ ಉತ್ತರ ಕೊಡಲಿಲ್ಲ. ಕೊಡಬಹುದಿತ್ತು; ಕಂಪನಿ, ವೇಗ, ಬೆಲೆ ಎಲ್ಲ ನಾಲಗೆಯ ತುದಿಯಲ್ಲೇ ಇದ್ದವು. ಆದರೆ ಮಬ್ಬುಗತ್ತಲಲ್ಲಿ ಮೀನಿನ ಚಿತ್ರ ತೆಗೆಯಹೊರಟವರೆಲ್ಲ ಮೊದಲು ಕೇಳುವುದು ಈ ಪ್ರಶ್ನೆಯನ್ನೇ. ಬಹಳಷ್ಟು ರೀಲುಗಳು ಹಾಳಾಗುವುದೂ ಇದನ್ನೇ ಮೊದಲು ಕೇಳಿಕೊಂಡದ್ದರಿಂದ. ನನ್ನ ಮೊದಲ ಎರಡು ರೀಲುಗಳ ಕಥೆ ಅದೇ. ರೀಲಿನ ವಿಚಾರ ಕೊನೆಗೆ ಬರಬೇಕು. ಅದಕ್ಕೂ ಮುಂಚೆ ತೊಟ್ಟಿಯ ಗಾಜಿನ ವಿಚಾರವಿದೆ, ಮೀನಿನ ಓಟದ ವಿಚಾರವಿದೆ, ಲೆನ್ಸಿನ ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂಬ ವಿಚಾರವಿದೆ.

ಮೊಬೈಲಿನಲ್ಲೇ ಚೆನ್ನಾಗಿ ಬರುತ್ತದಲ್ಲ, ಫಿಲ್ಮ್ ಯಾಕೆ ಎಂದು ಕೇಳುವವರಿಗೆ ನನ್ನಲ್ಲಿ ವಾದವಿಲ್ಲ. ಬರುತ್ತದೆ, ಹಲವು ಸಲ ಫಿಲ್ಮಿಗಿಂತ ಚೆನ್ನಾಗಿಯೇ ಬರುತ್ತದೆ. ಈ ಲೇಖನ ಹಳೆಯ ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮತ್ತೆ ಕೊರಳಿಗೆ ಹಾಕಿಕೊಂಡವರಿಗೆ. ಅಂಥವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ, ಈಚೆಗೆ ಹೆಚ್ಚಾಗುತ್ತಿದ್ದಾರೆ ಕೂಡ.

ಮೊದಲು ಕತ್ತಲೆ ಎಷ್ಟು ಎಂಬ ಲೆಕ್ಕ. ಫೋಟೊ ತೆಗೆಯುವವರು ಬೆಳಕನ್ನು ಸ್ಟಾಪಿನಲ್ಲಿ ಎಣಿಸುತ್ತಾರೆ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಯಿತು ಎಂದರ್ಥ. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಮಟಮಟ ಮಧ್ಯಾಹ್ನ ನಿಂತರೆ 100 ವೇಗದ ಫಿಲ್ಮಿಗೆ ಎಫ್/16ರಲ್ಲಿ ಸೆಕೆಂಡಿನ 125ನೇ ಒಂದು ಭಾಗ ಸಾಕು. ಮತ್ಸ್ಯಾಲಯದ ಸಾಧಾರಣ ತೊಟ್ಟಿಯ ಮುಂದೆ ನಿಂತು ಅಳೆದರೆ ಬೆಳಕು ಅದಕ್ಕಿಂತ ಸುಮಾರು ಹತ್ತು ಸ್ಟಾಪ್ ಕೆಳಗಿರುತ್ತದೆ. ಹತ್ತು ಸಲ ಅರ್ಧ ಮಾಡುತ್ತ ಹೋದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಒಳಗೆ ಹೋಗಿ ಐದು ನಿಮಿಷ ಕಳೆದರೆ ಕಣ್ಣು ಒಗ್ಗಿಕೊಂಡು ಎಲ್ಲ ಝಗಝಗಿಸಿದಂತೆ ಕಾಣುತ್ತದೆ. ಕಣ್ಣನ್ನು ನಂಬಿ ಕ್ಯಾಮೆರಾ ಹಿಡಿದವನು ಕೆಡುವುದು ಇಲ್ಲೇ.

ಈ ಬೆಳಕಿನಲ್ಲಿ 400 ವೇಗದ ಫಿಲ್ಮ್ ಹಾಕಿ ಎಫ್/2 ಲೆನ್ಸ್ ಪೂರ್ತಿ ತೆರೆದರೆ ಸಿಗುವ ಶಟರ್ ವೇಗ 1/30. ಅದೇ ಫಿಲ್ಮಿಗೆ, ಕ್ಯಾಮೆರಾ ಕೊಂಡಾಗ ಜೊತೆಗೆ ಬಂದ 35-70ರ ಝೂಮ್ ಹಾಕಿ ಎಫ್/4ಕ್ಕೆ ತೆರೆದರೆ 1/8. ಮೂವತ್ತನೆಯ ಒಂದು ಭಾಗದಲ್ಲಿ ತೇಲುತ್ತ ನಿಂತ ಏಂಜೆಲ್ ಮೀನು ಬಂದೀತು. ಎಂಟನೆಯ ಒಂದು ಭಾಗದಲ್ಲಿ ಬರುವುದು ಮೀನಲ್ಲ, ಗೋಡೆಗೆ ಬಳಿದ ಸುಣ್ಣದ ಗೆರೆ.

ಕತ್ತಲಲ್ಲಿ ಫೋಟೊ ತೆಗೆಯುವುದನ್ನು ಬಿಜಾಪುರದವರಿಗೆ ಹೊಸದಾಗಿ ಕಲಿಸಬೇಕಿಲ್ಲ. 1656ರಲ್ಲಿ ಮುಗಿದ ಗೋಲಗುಂಬಜದ ಒಳಗೆ ಒಂದೇ ಗುಮ್ಮಟದ ಕೆಳಗೆ ಸುಮಾರು 1,700 ಚದರ ಮೀಟರ್ ನೆಲ, ಬಾಗಿಲಿನಿಂದ ಬರುವಷ್ಟು ಬೆಳಕು. ಅಸಾರ್ ಮಹಲಿನ ಗೋಡೆಚಿತ್ರಗಳೂ ಹಾಗೆಯೇ ಮಬ್ಬಿನಲ್ಲಿವೆ. ಆದರೆ ಅಲ್ಲಿ ಪಳಗಿದ ಕೈ ಮತ್ಸ್ಯಾಲಯದಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಸ್ಮಾರಕಗಳಲ್ಲಿ ಸ್ಟ್ಯಾಂಡ್ ಇಡಲು ಅನುಮತಿ ಬೇಕಾದರೂ ಗೋಡೆಗೆ ಭುಜ ಆನಿಸಿ, ಉಸಿರು ಹಿಡಿದು, 1/15ರಲ್ಲಿ, ಗಟ್ಟಿ ಕೈಯಿದ್ದರೆ 1/8ರಲ್ಲೂ ಚಿತ್ರ ತೆಗೆಯಬಹುದು. ಗೋರಿ ಅಲುಗುವುದಿಲ್ಲ. ಮೀನು ಅಲುಗುತ್ತದೆ. ನಿಮ್ಮ ಕೈ ಎಷ್ಟೇ ಗಟ್ಟಿಯಿರಲಿ, ಎಷ್ಟೇ ಭಾರದ ಸ್ಟ್ಯಾಂಡ್ ಇರಲಿ, ಮೀನಿನ ಬಾಲ ಬೀಸಿದ್ದು ಬೀಸಿದ್ದೇ. ನನ್ನ ಮೊದಲ ಎರಡು ರೀಲು ಗೋಲಗುಂಬಜದ ಧೈರ್ಯದಲ್ಲಿ ಹಾಳಾದವು.

ಇನ್ನು ಗಾಜು. ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಇದರ ಬಗ್ಗೆ, ಎಲ್ಲಕ್ಕಿಂತ ಕಡಿಮೆ ಜನ ಕೇಳುವುದೂ ಇದರ ಬಗ್ಗೆ. ತೊಟ್ಟಿಯ ಗಾಜು ಎರಡು ಬಗೆಯಲ್ಲಿ ಕಾಟ ಕೊಡುತ್ತದೆ. ಒಂದು, ಅದು ಕನ್ನಡಿ. ಒಳಗಿನ ಬೆಳಕಿಗಿಂತ ಹೊರಗಿನ ಬೆಳಕು ತುಸು ಜಾಸ್ತಿಯಾದರೂ ಎದುರಿನ ಟ್ಯೂಬ್‌ಲೈಟು, ಹಿಂದೆ ನಿಂತ ಶಾಲಾ ಮಕ್ಕಳ ಬಿಳಿ ಅಂಗಿ, ನಿಮ್ಮ ಕ್ಯಾಮೆರಾದ ಮೇಲಿನ ಹೆಸರು ಎಲ್ಲವೂ ಮೀನಿನ ಮೈಮೇಲೆ ಅಚ್ಚಾಗುತ್ತವೆ. ಇದಕ್ಕೆ ಮದ್ದು ಲೆನ್ಸಿನ ಬಾಯಿಯನ್ನು ಗಾಜಿಗೆ ಹತ್ತಿಸಿಬಿಡುವುದು. ಲೆನ್ಸಿಗೆ ರಬ್ಬರಿನ ಹುಡ್ ಸಿಗುತ್ತದೆ. ಅದನ್ನು ಗಾಜಿಗೆ ಒತ್ತಿದರೆ ಹೊರಗಿನ ಬೆಳಕು ಒಳಕ್ಕೆ ನುಸುಳುವುದಿಲ್ಲ, ಗಾಜಿಗೆ ಗೀರೂ ಬೀಳುವುದಿಲ್ಲ, ಕೈಗೂ ಆಸರೆ ಸಿಕ್ಕಿ ಒಂದು ಸ್ಟಾಪಿನಷ್ಟು ನಡುಕ ಕಡಿಮೆಯಾಗುತ್ತದೆ. ಹತ್ತಿರ ಹೋದರೆ ಫೋಕಸ್ ಸಿಗದ ಮೀನಿಗಾಗಿ ಹಿಂದೆ ಸರಿಯಬೇಕಾದಾಗ ಕಪ್ಪು ಬಟ್ಟೆ ಬೇಕು. ನಾನು ಒಯ್ಯುವುದು ಅಜ್ಜಿಯ ಹಳೆಯ ಚಂದ್ರಕಾಳಿ ಸೀರೆಯ ಒಂದು ತುಂಡು. ಒಗೆದೊಗೆದು ಮಿರುಗೆಲ್ಲ ಹೋಗಿದೆ, ಬೆಳಕನ್ನು ನುಂಗುವುದರಲ್ಲಿ ಅದನ್ನು ಮೀರಿಸುವ ಬಟ್ಟೆಯನ್ನು ನಾನು ಕಂಡಿಲ್ಲ. ಅಂಚಿನ ಕೆಂಪು ಪಟ್ಟಿಯನ್ನು ಮಾತ್ರ ಕತ್ತರಿಸಬೇಕಾಯಿತು. ಅದೂ ಗಾಜಿನಲ್ಲಿ ಕಾಣುತ್ತಿತ್ತು. ಹೋಗುವ ದಿನ ಕಪ್ಪು ಇಲ್ಲವೇ ಗಾಢ ಬಣ್ಣದ ಅಂಗಿ ಹಾಕಿಕೊಳ್ಳಿ.

ಪೋಲರೈಸರ್ ಫಿಲ್ಟರ್ ಹಾಕಿದರೆ ಪ್ರತಿಬಿಂಬ ಹೋಗುತ್ತದೆ ಎಂದು ಓದಿದವರು ಅದನ್ನು ಹಾಕಿಕೊಂಡು ಬರುತ್ತಾರೆ. ನೇರ ಎದುರಿನಿಂದ ಬರುವ ಪ್ರತಿಬಿಂಬವನ್ನು ಅದು ಅಳಿಸಲಾರದು. ಓರೆಯಿಂದ ಬರುವುದನ್ನು ಮಾತ್ರ ಅಳಿಸುತ್ತದೆ. ಅದಕ್ಕೆ ತೆರಬೇಕಾದ ದಂಡ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು. ಸಾವಿರದಲ್ಲೊಂದು ಪಾಲು ಉಳಿದಿರುವಾಗ ಅದರಲ್ಲೂ ಮುಕ್ಕಾಲು ಪಾಲನ್ನು ಕೊಟ್ಟುಬಿಡುವ ವ್ಯಾಪಾರ ಇದು. ಗಾಜಿನ ಬದಲು ಅಕ್ರಿಲಿಕ್ ಇದ್ದರಂತೂ ಕೆಲವೊಮ್ಮೆ ಕಾಮನಬಿಲ್ಲಿನ ಪಟ್ಟೆಗಳು ಮೂಡುತ್ತವೆ, ಆ ಹಾಳೆಯನ್ನು ಬಗ್ಗಿಸುವಾಗ ಒಳಗೆ ಉಳಿದ ಒತ್ತಡ ಪೋಲರೈಸರಿನಲ್ಲಿ ಬಣ್ಣವಾಗಿ ಕಾಣುವುದರಿಂದ.

ಎರಡನೆಯ ಕಾಟ ಬಾಗುವ ಬೆಳಕಿನದು. ನೀರಿನಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟುವಾಗ ಬೆಳಕು ಬಾಗುತ್ತದೆ. ನೀರಿನ ವಕ್ರೀಭವನ ಅಂಕ 1.33 ಆದ್ದರಿಂದ ಗಾಜಿನಿಂದ ನಾಲ್ಕು ಗೇಣು ಆಚೆಯಿರುವ ಮೀನು ಮೂರು ಗೇಣಿನಲ್ಲಿ ಇದ್ದಂತೆ ಕಾಣುತ್ತದೆ. ಬಾವಿಗೆ ಇಣುಕಿದ ಯಾರಿಗೂ ಇದು ಗೊತ್ತು. ಲೆನ್ಸೂ ಕಣ್ಣಿನಂತೆಯೇ ಮೋಸ ಹೋಗುತ್ತದೆ. ಹಾಗಾಗಿ ಅಂದಾಜಿನ ಅಡಿ ಲೆಕ್ಕ ಹಿಡಿದು ಉಂಗುರ ತಿರುಗಿಸಬೇಡಿ, ಕಂಡದ್ದಕ್ಕೆ ಫೋಕಸ್ ಮಾಡಿ. ಗಾಜಿಗೆ ನೇರ ಎದುರು ನಿಂತಾಗ ಇಷ್ಟೇ ಪರಿಣಾಮ. ಓರೆಯಾಗಿ ನಿಂತರೆ ಚಿತ್ರವೇ ಕಲಸುತ್ತದೆ: ಅಂಚುಗಳಲ್ಲಿ ನೇರಳೆ, ಹಸಿರು ಬಣ್ಣದ ಸೀಳು, ಅಡ್ಡಗೆರೆ ಸ್ಪಷ್ಟವಾದರೆ ಉದ್ದಗೆರೆ ಮಸುಕು. ತಪ್ಪು ಲೆನ್ಸಿನದಲ್ಲದಿದ್ದರೂ ಬೈಗುಳ ತಿನ್ನುವುದು ಲೆನ್ಸು. ಸಾವಿರಗಟ್ಟಲೆ ಕೊಟ್ಟು ಕೊಂಡ ಲೆನ್ಸನ್ನು ಇದೇ ಕಾರಣಕ್ಕೆ ಮಾರಿದವರನ್ನು ಬಲ್ಲೆ.

ಲೆನ್ಸಿನ ಆಯ್ಕೆ ಇಲ್ಲಿಂದ ಶುರುವಾಗಬೇಕು. ಅತಿ ಅಗಲದ ಲೆನ್ಸ್, ಅಂದರೆ 24 ಮಿಲಿಮೀಟರು ಮತ್ತು ಅದಕ್ಕಿಂತ ಕಡಿಮೆಯದು, ನಡುವೆ ನೇರವಾಗಿ ನೋಡಿದರೂ ಮೂಲೆಗಳಲ್ಲಿ ಗಾಜನ್ನು ಓರೆಯಾಗಿಯೇ ನೋಡುತ್ತದೆ; ಮೂಲೆಗಳು ಕರಗುತ್ತವೆ. 85 ಅಥವಾ 105ರಂಥ ಉದ್ದದ ಲೆನ್ಸಿಗೆ ಆ ಕಷ್ಟವಿಲ್ಲ, ಆದರೆ ಸ್ಪಷ್ಟವಾಗಿ ಕಾಣುವ ಆಳ ತೀರ ತೆಳು. ಲೆಕ್ಕ ಹಾಕಿ ನೋಡಿ: ಒಂದು ಮೀಟರ್ ದೂರದಲ್ಲಿ 85ರ ಲೆನ್ಸ್ ಎಫ್/1.8ರಲ್ಲಿ ಕೊಡುವ ಸ್ಪಷ್ಟತೆಯ ಆಳ ಸುಮಾರು ಒಂದೂವರೆ ಸೆಂಟಿಮೀಟರ್. ಅದೇ ದೂರದಲ್ಲಿ 50ರ ಎಫ್/2 ಕೊಡುವುದು ಸುಮಾರು ನಾಲ್ಕೂವರೆ ಸೆಂಟಿಮೀಟರ್, 35ರ ಎಫ್/2 ಕೊಡುವುದು ಒಂಬತ್ತಕ್ಕಿಂತ ಹೆಚ್ಚು. ಅಂಗೈ ಅಗಲದ ಮೀನೊಂದು ಮುಖ ತಿರುಗಿಸಿದರೆ ಒಂದೂವರೆ ಸೆಂಟಿಮೀಟರಿನಲ್ಲಿ ಕಣ್ಣು ಉಳಿದೀತು, ರೆಕ್ಕೆ ಉಳಿಯದು. ಅದಲ್ಲದೆ 85ಕ್ಕೆ ಕೈ ನಡುಗದಿರಬೇಕಾದರೆ 1/90ರ ಆಸುಪಾಸು ವೇಗ ಬೇಕು, 35ಕ್ಕೆ 1/35 ಸಾಕು ಎಂಬುದು ಹಳಬರ ಲೆಕ್ಕ. ಬೆಳಕಿಲ್ಲದ ಕಡೆ ಆ ವ್ಯತ್ಯಾಸ ಚಿಕ್ಕದಲ್ಲ.

ನನ್ನ ತೀರ್ಮಾನ: ದೊಡ್ಡ ತೊಟ್ಟಿಗೆ 35ರ ಎಫ್/2, ಗೋಡೆಯಲ್ಲಿ ಕೂರಿಸಿದ ಚಿಕ್ಕ ತೊಟ್ಟಿಗೆ 50ರ ಎಫ್/1.8. ಎರಡರಲ್ಲಿ ಒಂದೇ ಸಾಧ್ಯವೆಂದರೆ ಐವತ್ತು. ಕಾರಣ ಕಲೆಯದ್ದಲ್ಲ, ಬೊಕ್ಕಸದ್ದು. ಎಪ್ಪತ್ತು, ಎಂಬತ್ತರ ದಶಕದ ಬಹುತೇಕ ಕ್ಯಾಮೆರಾಗಳ ಜೊತೆ ಬಂದದ್ದೇ ಐವತ್ತರ ಲೆನ್ಸು. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಯಾಶಿಕಾ, ಎಲ್ಲದರ ಮೂತಿಯಲ್ಲೂ ಅದೇ. ರಷ್ಯದ ಝೆನಿಟ್ ಇದ್ದವರ ಬಳಿ 58ರ ಎಫ್/2 ಹೆಲಿಯೋಸ್ ಇದೆ. ಅದು ಹಿನ್ನೆಲೆಯ ಬೆಳಕಿನ ಚುಕ್ಕೆಗಳನ್ನು ಸುಳಿ ತಿರುಗಿಸುವ ಲೆನ್ಸು. ಗುಳ್ಳೆಗಳೇಳುವ ತೊಟ್ಟಿಯ ಮುಂದೆ ಆ ಸುಳಿ ಸೊಗಸಾಗಿ ಒಪ್ಪುತ್ತದೆ. ಝೆನಿಟ್-ಇ ಮೈಮೇಲಿನ ಸೆಲೆನಿಯಂ ಮೀಟರಿನ ಮುಳ್ಳು ಮಾತ್ರ ಮತ್ಸ್ಯಾಲಯದಲ್ಲಿ ಅಲುಗುವುದೇ ಇಲ್ಲ.

ಮ್ಯಾಕ್ರೊ ಲೆನ್ಸ್ ಒಯ್ಯುವ ಆಸೆ ಎಲ್ಲರಿಗೂ ಬರುತ್ತದೆ. ಅದು ಹತ್ತಿರ ಹೋದಷ್ಟೂ ಬೆಳಕು ಕಳೆಯುತ್ತದೆ: ಮೀನು ಫಿಲ್ಮಿನ ಮೇಲೆ ಅರ್ಧ ಗಾತ್ರಕ್ಕೆ ಬರುವಾಗ ಒಂದು ಸ್ಟಾಪಿಗೂ ಹೆಚ್ಚು, ಪೂರ್ತಿ ಗಾತ್ರಕ್ಕೆ ಬರುವಾಗ ಎರಡು ಸ್ಟಾಪ್. ಎಫ್/2.8 ಎಂದು ಬರೆದಿದ್ದರೂ ಆಗ ಅದು ಎಫ್/5.6ರ ಕೆಲಸ ಮಾಡುತ್ತದೆ. ಅಣ್ಣತಮ್ಮಂದಿರ ಹಾಗೆ ಎರಡು ಲೆನ್ಸಿನ ಕಣ್ಣಿರುವ ಯಾಶಿಕಾ-ಮ್ಯಾಟ್‌ನಂಥ ಕ್ಯಾಮೆರಾಗಳ 120 ಫಿಲ್ಮಿನಲ್ಲಿ ಚಿತ್ರದ ಕಾಳು (ಗ್ರೇನ್) ಸಣ್ಣಗೆ ಬರುತ್ತದೆ ನಿಜ. ಆದರೆ ಅದರ ಲೆನ್ಸ್ ಎಫ್/3.5, ಸ್ಪಷ್ಟತೆಯ ಆಳವೂ ಕಡಿಮೆ. ಮನೆಮನೆಗೂ ಬಂದಿದ್ದ ಅಗ್ಫಾ ಕ್ಲಿಕ್-3 ಬಿಸಿಲಿನ ಕ್ಯಾಮೆರಾ. ಅದನ್ನು ಮನೆಯಲ್ಲೇ ಬಿಡಿ. ಎಫ್/1ರಂಥ ದುಬಾರಿ ಲೆನ್ಸುಗಳ ಕಥೆ ಕೇಳಲು ಚೆಂದ. 1975ರ ಬ್ಯಾರಿ ಲಿಂಡನ್ ಚಿತ್ರದಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಮೇಣದಬತ್ತಿಯ ಬೆಳಕಿಗೆ ಬಳಸಿದ ಝೈಸ್ ಲೆನ್ಸ್ ಎಫ್/0.7ರದ್ದು, ನಾಸಾಕ್ಕಾಗಿ ಮಾಡಿಸಿದ್ದು. ಅಲ್ಲಿನ ನಟರು ಮೇಜಿನ ಮುಂದೆ ಅಲುಗದೆ ಕೂತಿದ್ದರು. ನಮ್ಮ ಮೈಸೂರಿನ ವಿ.ಕೆ. ಮೂರ್ತಿ 1959ರ ಕಾಗಜ್ ಕೆ ಫೂಲ್‌ನಲ್ಲಿ ಕನ್ನಡಿಯಿಂದ ಬಿಸಿಲನ್ನು ಸ್ಟುಡಿಯೊದ ಒಳಕ್ಕೆ ತಿರುಗಿಸಿ ಬೆಳಕಿನ ಕಂಬ ನಿಲ್ಲಿಸಿದರು. ಬೆಳಕನ್ನು ತರುವ ಸ್ವಾತಂತ್ರ್ಯ ಅವರಿಗಿತ್ತು. ಮತ್ಸ್ಯಾಲಯದಲ್ಲಿ ನಮಗೆ ಅದಿಲ್ಲ.

ಆ ಸ್ವಾತಂತ್ರ್ಯವನ್ನು ಫ್ಲ್ಯಾಶ್ ಕೊಡುತ್ತದಲ್ಲ ಎನ್ನಬಹುದು. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ಗಾಜಿಗೆ ಬಡಿದು ಹಾಗೇ ವಾಪಸು ಬಂದು ಚಿತ್ರದ ನಡುವೆ ಬಿಳಿ ಉಂಡೆಯಾಗಿ ಕೂರುತ್ತದೆ. ನೀರಿನಲ್ಲಿರುವ ಕಸವೆಲ್ಲ ಹಿಮದಂತೆ ಹೊಳೆಯುತ್ತದೆ. ಬಹಳಷ್ಟು ಮತ್ಸ್ಯಾಲಯಗಳಲ್ಲಿ ಫ್ಲ್ಯಾಶಿಗೆ ನಿಷೇಧವಿದೆ. ಫಲಕ ಇಲ್ಲದ ಕಡೆಯೂ ಬಳಸಬಾರದು ಎಂಬುದು ನನ್ನ ಅಭಿಪ್ರಾಯ. ನಾವು ಸಾಕುವ ಇಂಥ ಮೀನುಗಳಿಗೆ ರೆಪ್ಪೆಯಿಲ್ಲ, ಕಣ್ಣು ಮುಚ್ಚಿಕೊಳ್ಳುವ ಉಪಾಯವೇ ಅವಕ್ಕಿಲ್ಲ. ಫ್ಲ್ಯಾಶ್ ಹೊಡೆದ ಮೇಲೆ ಮೀನು ಮೂಲೆ ಸೇರಿತೆಂದರೆ ನಿಮ್ಮ ಹಿಂದೆ ಸಾಲು ನಿಂತ ಮಕ್ಕಳಿಗೂ ಅದು ಕಾಣುವುದಿಲ್ಲ.

ನಮ್ಮ ರಾಜ್ಯದಲ್ಲಿ ಪ್ರಕೃತಿ ಛಾಯಾಗ್ರಹಣದ ಪರಂಪರೆ ದೊಡ್ಡದು. ಸಂಡೂರಿನ ಎಂ.ವೈ. ಘೋರ್ಪಡೆ ಕಪ್ಪುಬಿಳುಪಿನಲ್ಲಿ ಕಾಡಿನ ನೆರಳುಬೆಳಕನ್ನು ಹಿಡಿದರು, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಹಕ್ಕಿಗಳ ಬೆನ್ನು ಹತ್ತಿದರು, ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಒಂದು ಕೈಯಲ್ಲಿ ಗಾಳ, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ಓಡಾಡಿದರು. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳು ಹೊಸಬರನ್ನು ತಯಾರು ಮಾಡಿದವು. ಆದರೂ ಮತ್ಸ್ಯಾಲಯದ ಚಿತ್ರಕ್ಕೆ ಈ ಪರಂಪರೆಯಲ್ಲಿ ಜಾಗ ಕಡಿಮೆ. ಸ್ಪರ್ಧೆಗಳ ವನ್ಯಜೀವಿ ವಿಭಾಗಕ್ಕೆ ಸೆರೆಯಲ್ಲಿರುವ ಪ್ರಾಣಿಯ ಚಿತ್ರ ಸಲ್ಲುವುದಿಲ್ಲ. ಆ ನಿಯಮ ಸರಿಯೇ. ಅದರಿಂದಾಗಿ ಮತ್ಸ್ಯಾಲಯದ ಫೋಟೊ ಪ್ರಕೃತಿಯವರಿಗೂ ಬೇಡ, ಬೀದಿಯವರಿಗೂ ಬೇಡ ಎಂಬಂತಾಗಿ, ಹೇಳಿಕೊಡುವವರಿಲ್ಲದೆ ಉಳಿದಿದೆ.

ಇಷ್ಟಾದ ಮೇಲೆ ಹುಡುಗನ ಪ್ರಶ್ನೆ: ಯಾವ ರೀಲು?

ಒಂದು ಕಾಲದಲ್ಲಿ ಈ ಪ್ರಶ್ನೆಗೆ ಅಂಗಡಿಯವನೇ ಉತ್ತರ. ಅವನ ಬಳಿ ಇದ್ದದ್ದೇ ರೀಲು. ಊಟಿಯಲ್ಲಿ ಕೇಂದ್ರ ಸರ್ಕಾರ 1960ರಲ್ಲಿ ಸ್ಥಾಪಿಸಿದ, 1967ರಿಂದ ಉತ್ಪಾದನೆ ಶುರುಮಾಡಿದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪುಬಿಳುಪು, ಇಲ್ಲವೇ ಪೂರ್ವ ಜರ್ಮನಿಯಿಂದ ಬರುತ್ತಿದ್ದ ಓರ್ವೊ. ಓರ್ವೊದ ಎನ್‌ಪಿ 27 ಎಂಬ 400 ವೇಗದ ರೀಲು ಸಿಕ್ಕರೆ ಅದೇ ದೊಡ್ಡ ಸಂಗತಿ. ಮುಂಬಯಿಗೆ ಹೋದ ನಮ್ಮ ಕಡೆಯವರೆಲ್ಲ ನೋಡಿ ಬರುತ್ತಿದ್ದ ಮರೀನ್ ಡ್ರೈವಿನ ತಾರಾಪೋರವಾಲಾ ಮತ್ಸ್ಯಾಲಯ 1951ರದ್ದು. ಅಲ್ಲಿಂದ ಬಂದ ಹಳೆಯ ಫೋಟೊಗಳು ಯಾರ ಮನೆಯ ಆಲ್ಬಮ್ಮಿನಲ್ಲಿದ್ದರೂ ಅವು ಹೊರಗೆ, ಬಿಸಿಲಿನಲ್ಲಿ, ಕಟ್ಟಡದ ಮುಂದೆ ನಿಂತು ತೆಗೆಸಿಕೊಂಡವು. ಒಳಗಿನ ಮೀನು ಕಣ್ಣಲ್ಲೇ ಉಳಿಯಿತು.

ಆಮೇಲೆ ವೇಗದ ಪೈಪೋಟಿ ಬಂತು. ಕೊಡಾಕ್ 1988ರಲ್ಲಿ ಟಿ-ಮ್ಯಾಕ್ಸ್ ಪಿ3200 ತಂದಿತು, ಇಲ್ಫೋರ್ಡ್ 1998ರಲ್ಲಿ ಡೆಲ್ಟಾ 3200 ತಂದಿತು, ಫ್ಯೂಜಿ 1600 ವೇಗದ ವರ್ಣಫಿಲ್ಮುಗಳನ್ನು ತಂದಿತು. ಡಿಜಿಟಲ್ ಬಂದ ಮೇಲೆ ಫ್ಯೂಜಿಯ ಆ ವೇಗದ ರೀಲುಗಳು ಒಂದೊಂದಾಗಿ ನಿಂತವು. ಪಿ3200 ಕೂಡ 2012ರಲ್ಲಿ ನಿಂತು 2018ರಲ್ಲಿ ಮತ್ತೆ ಬಂತು. ಇವತ್ತು ವೇಗದ ವರ್ಣಫಿಲ್ಮ್ ಎಂದರೆ ಹೆಚ್ಚುಕಡಿಮೆ 800ಕ್ಕೆ ಮುಗಿಯುತ್ತದೆ.

3200 ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ. ಡೆಲ್ಟಾ 3200ರ ನಿಜವಾದ ವೇಗ 1000 ಎಂದು ಇಲ್ಫೋರ್ಡ್ ತಾನೇ ತನ್ನ ಮಾಹಿತಿಪತ್ರದಲ್ಲಿ ಹೇಳುತ್ತದೆ. ಪಿ3200ರದ್ದೂ ಅದೇ ಆಸುಪಾಸು. ಉಳಿದದ್ದು ‘ಪುಶ್’, ಅಂದರೆ ಕಡಿಮೆ ಬೆಳಕು ಕೊಟ್ಟು ತೆಗೆದು, ತೊಳೆಯುವಾಗ ಹೆಚ್ಚು ಹೊತ್ತು ಡೆವಲಪರಿನಲ್ಲಿ ಇಡುವುದು. ಹಾಗೆ ಮಾಡಿದರೆ ಫಿಲ್ಮಿಗೆ ಬೆಳಕು ಹುಟ್ಟುವುದಿಲ್ಲ. ಬಿದ್ದ ಬೆಳಕು ದಟ್ಟವಾಗುತ್ತದೆ, ಬೀಳದ ಕಡೆ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಮದುವೆ ಮನೆಯಲ್ಲಿ ಇದು ದೋಷ. ಮದುಮಗನ ಕೋಟು ಕರಿ ಗುಡ್ಡೆಯಾಗುತ್ತದೆ. ಮತ್ಸ್ಯಾಲಯದಲ್ಲಿ ಇದು ವರ. ತೊಟ್ಟಿಯ ಹಿಂಬದಿಯ ಪ್ಲಾಸ್ಟಿಕ್ ಗಿಡ, ಬಣ್ಣ ಬಳಿದ ಬಂಡೆ, ಗಾಳಿಯ ಕೊಳವೆ ಎಲ್ಲ ಕತ್ತಲಲ್ಲಿ ಮುಳುಗಿ ಮೀನೊಂದೇ ಎದ್ದು ಬರುತ್ತದೆ. ಹಾಗಾಗಿ ಕಪ್ಪುಬಿಳುಪಿಗೆ ನನ್ನ ಮತ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್, ಎರಡೂ 400ರವು, 1600ಕ್ಕೆ ಪುಶ್ ಮಾಡಿ. ಎಫ್/2ರಲ್ಲಿ 1/125 ಕೈಗೆ ಬರುತ್ತದೆ. ಬೆಲೆಯೂ 3200ರ ರೀಲಿಗಿಂತ ಕಡಿಮೆ. ಕಾಳು ದಪ್ಪವಾಗುತ್ತದೆ, ಆಗಲಿ.

ತೊಳೆಯುವುದು ನಮ್ಮ ಕಡೆ ಬೇರೆಯೇ ಪಾಡು. ಎಚ್‌ಪಿ5 ಅನ್ನು 1600ರಲ್ಲಿ ತೆಗೆದರೆ ಐಡಿ-11 ಡೆವಲಪರಿನಲ್ಲಿ 20 ಡಿಗ್ರಿಯಲ್ಲಿ 14 ನಿಮಿಷ, ಮೈಕ್ರೊಫೆನ್‌ನಲ್ಲಾದರೆ 11 ನಿಮಿಷ. ಏಪ್ರಿಲ್, ಮೇ ತಿಂಗಳಲ್ಲಿ ಹೊನವಾಡದಲ್ಲಿ 20 ಡಿಗ್ರಿಯ ನೀರು ಎಲ್ಲಿಂದ ತರಬೇಕು? ನಳದ ನೀರೇ ಮೈ ಸುಡುತ್ತದೆ. ಐಸ್ ಗಡ್ಡೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬುಟ್ಟಿಯ ನೀರಿಗೆ ಇಳಿಬಿಟ್ಟು ಡಬ್ಬಿಯನ್ನು ಅದರೊಳಗೆ ನಿಲ್ಲಿಸುವುದು ನನ್ನ ರೂಢಿ. ಹರವಿಯಲ್ಲಿ ರಾತ್ರಿಯಿಡೀ ತಣಿದ ನೀರಿದ್ದರೆ ಐಸು ಕಡಿಮೆ ಸಾಕು. ಬೋರಿನ ಸವಳು ನೀರಿನಲ್ಲಿ ಕೊನೆಯ ತೊಳೆತ ಮಾಡಿದರೆ ನೆಗೆಟಿವಿನ ಮೇಲೆ ಉಪ್ಪಿನ ಕಲೆ ಕೂರುತ್ತದೆ, ಕೊನೆಯ ಎರಡು ಸಲಕ್ಕೆ ಫಿಲ್ಟರ್ ನೀರು ಬಳಸಿ. ಬಣ್ಣದ ರೀಲನ್ನು ಊರಲ್ಲಿ ತೊಳೆಯುವವರು ಸಿಗುವುದಿಲ್ಲ, ಬೆಂಗಳೂರಿಗೋ ಮುಂಬಯಿಗೋ ಕೊರಿಯರ್ ಮಾಡಬೇಕು. ಪುಶ್ ಮಾಡಬೇಕೆಂದು ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಬರೆಯದೆ ಕಳಿಸಿದ ನನ್ನ ಒಂದು ರೀಲು ಗಾಜಿನಷ್ಟು ಪಾರದರ್ಶಕವಾಗಿ ವಾಪಸು ಬಂದಿತ್ತು. ತಪ್ಪು ಲ್ಯಾಬಿನದಲ್ಲ.

ಬಣ್ಣದ ವಿಚಾರಕ್ಕೆ ಬಂದರೆ ಲೆನ್ಸಿಗಿಂತ ದೀಪ ಮುಖ್ಯ. ಹಗಲಿನ ಬೆಳಕಿಗೆಂದು ಮಾಡಿದ ಫಿಲ್ಮ್ ಹಳೆಯ ಟ್ಯೂಬ್‌ಲೈಟಿನಲ್ಲಿ ಹಸಿರಾಗುತ್ತದೆ. ಅದು ಎಂಥ ಹಸಿರು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಮಾರ್ಚಿನಲ್ಲಿ ನಮ್ಮ ಒಣದ್ರಾಕ್ಷಿ ಶೆಡ್ಡುಗಳ ಹಸಿರು ಪರದೆಯ ಪಕ್ಕ ಯಾರನ್ನಾದರೂ ನಿಲ್ಲಿಸಿ ಬಣ್ಣದ ರೀಲಿನಲ್ಲಿ ತೆಗೆದು ನೋಡಿ. ಮೂರು ದಿನ ಜ್ವರ ಬಂದವರಂತೆ ಕಾಣುತ್ತಾರೆ. ಗುಲಾಬಿ ಬಣ್ಣದ ಎಫ್‌ಎಲ್-ಡಿ ಫಿಲ್ಟರ್ ಈ ಹಸಿರನ್ನು ಕೊಲ್ಲುತ್ತದೆ, ಜೊತೆಗೆ ಸುಮಾರು ಒಂದು ಸ್ಟಾಪ್ ಬೆಳಕನ್ನೂ. ನೆಗೆಟಿವ್ ಫಿಲ್ಮಾದರೆ ಫಿಲ್ಟರ್ ಬಿಟ್ಟು ಸ್ಕ್ಯಾನ್ ಮಾಡುವಾಗ ಸರಿಪಡಿಸುವುದು ಲಾಭ. ಸ್ಲೈಡ್ ಫಿಲ್ಮಿಗೆ ಆ ಅವಕಾಶವಿಲ್ಲ, ಅರ್ಧ ಸ್ಟಾಪ್ ತಪ್ಪನ್ನೂ ಅದು ಸಹಿಸುವುದಿಲ್ಲ. ಮತ್ಸ್ಯಾಲಯಕ್ಕೆ ಸ್ಲೈಡ್ ಒಯ್ಯುವುದು ಹಣ ನೀರಿಗೆ ಹಾಕಿದಂತೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ತಿರುಗುವುದರಿಂದ ಹಳೆಯ ಚೋಕಿನ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ 1/250ಕ್ಕೆ ಹೋದರೆ ಒಂದೊಂದು ಚಿತ್ರ ಒಂದೊಂದು ಬಣ್ಣ, ಒಂದೊಂದು ಕಪ್ಪು. ಟ್ಯೂಬಿದ್ದ ಕಡೆ 1/60ರ ಆಸುಪಾಸಿನಲ್ಲೇ ಇದ್ದುಬಿಡಿ, ಕಪ್ಪುಬಿಳುಪಿನಲ್ಲೂ.

ಈಗಿನ ತೊಟ್ಟಿಗಳಲ್ಲಿ ಎಲ್‌ಇಡಿ ಹೆಚ್ಚು, ಬಿಳಿಗಿಂತ ನೀಲಿ ಮುಂದು. ಅದಕ್ಕೆ ಕೊಡಾಕ್ ಪೋರ್ಟ್ರಾ 800 ಒಳ್ಳೆಯದು. ಬೆಲೆ ಒಂದು ರೀಲಿಗೆ ಸಾವಿರ ದಾಟುತ್ತದೆ ಎಂಬುದೊಂದೇ ಅದರ ದೋಷ. ಹುಡುಗರ ನಡುವೆ ಸಿನೆಸ್ಟಿಲ್ 800ಟಿ ಬಹಳ ಹೆಸರು ಮಾಡಿದೆ. ಅದು ಸಿನಿಮಾಕ್ಕೆ ಬಳಸುವ ಕೊಡಾಕ್ ವಿಷನ್3 500ಟಿ ಫಿಲ್ಮಿನ ಹಿಂಬದಿಯ ಕರಿ ಪದರ ತೆಗೆದು ಮಾಡಿದ್ದು. ಹಳದಿ ಬಲ್ಬಿನ ಬೆಳಕಿಗೆ ಹೊಂದಿಸಿದ್ದು. ನೀಲಿ ಎಲ್‌ಇಡಿ ಮುಂದೆ ಹಿಡಿದರೆ ನೀಲಿ ಇನ್ನೂ ನೀಲಿಯಾಗಿ ಮೀನು ವಿಷ ಕುಡಿದಂತಿರುತ್ತದೆ. ಕರಿ ಪದರ ಇಲ್ಲದ್ದರಿಂದ ಪ್ರತಿ ದೀಪದ ಸುತ್ತ ಕೆಂಪು ಪ್ರಭಾವಳಿ ಬೇರೆ. ಕೆಲವರಿಗೆ ಅದೇ ಇಷ್ಟ. ನನಗಿಲ್ಲ.

ಬೆಳಕು ಅಳೆಯುವಾಗ ಒಂದು ಎಚ್ಚರ. ಕ್ಯಾಮೆರಾದ ಮೀಟರು ತಾನು ಕಂಡ ಎಲ್ಲವನ್ನೂ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ತೊಟ್ಟಿಯ ಕಪ್ಪು ಹಿನ್ನೆಲೆ ಕಂಡು ‘ಇನ್ನೂ ಬೆಳಕು ಕೊಡು’ ಎನ್ನುತ್ತದೆ. ಅದರ ಮಾತು ಕೇಳಿದರೆ ಬೆಳ್ಳಿ ಮೈಯ ಅರೋವಾನಾ ಸುಟ್ಟ ಬಿಳಿಯಾಗುತ್ತದೆ. ಮೀಟರು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕಡಿಮೆ ಕೊಡಿ, ಬೆಳ್ಳಿ ಮೀನಿಗೆ ಒಂದೂವರೆ. ಕಪ್ಪು ಮೋಲಿಯಂಥ ಮೀನಿಗೆ ಈ ಲೆಕ್ಕ ನಡೆಯುವುದಿಲ್ಲ, ಅದನ್ನು ಬೆಳಕಿನ ಹಿನ್ನೆಲೆಗೆ ಬರುವ ತನಕ ಕಾಯಬೇಕು. ಕಾಯುವುದೇ ಅರ್ಧ ಕೆಲಸ. ಮೀನು ತಿರುಗುವ ಕ್ಷಣದಲ್ಲಿ ಅರೆಗಳಿಗೆ ನಿಲ್ಲುತ್ತದೆ, ಜೋಕಾಲಿ ತುದಿ ಮುಟ್ಟಿದಾಗ ನಿಂತಂತೆ. 1/30ರಲ್ಲಿ ತೆಗೆದ ನನ್ನ ಒಳ್ಳೆಯ ಚಿತ್ರಗಳೆಲ್ಲ ಆ ಅರೆಗಳಿಗೆಯವು.

ಎಲ್ಲಿ ತೆಗೆಯಬೇಕು? ಹುಡುಗ ಕೇಳಿದ ಕಬ್ಬನ್ ಪಾರ್ಕಿನ ಮೀನಿನ ಮನೆ, ಅಂದರೆ ಕಸ್ತೂರಬಾ ರಸ್ತೆಯ ಸರ್ಕಾರಿ ಮತ್ಸ್ಯಾಲಯ, 1983ರದ್ದು, ಸಿಹಿನೀರಿನ ಬಣ್ಣದ ಮೀನುಗಳ ಗೋಡೆ ತೊಟ್ಟಿಗಳು ಐವತ್ತರ ಲೆನ್ಸಿಗೆ ಹೇಳಿ ಮಾಡಿಸಿದಂತಿವೆ. ಹೋಗುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ, ವಾರದ ನಡುವಿನ ದಿನ ಹೋಗಿ. ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ 2021ರಲ್ಲಿ ತೆರೆದದ್ದು ಸುರಂಗದ ಮತ್ಸ್ಯಾಲಯ. ಇಂಥ ಸುರಂಗಗಳ ಪ್ರದರ್ಶನ ಈಚೆಗೆ ಜಿಲ್ಲಾ ಊರುಗಳ ಮೈದಾನಕ್ಕೂ ಬರುತ್ತಿದೆ. ಸುರಂಗದ ಕಮಾನಿನ ಅಕ್ರಿಲಿಕ್ ತಾನೇ ಒಂದು ಲೆನ್ಸಿನಂತೆ ವರ್ತಿಸುವುದರಿಂದ ನೆತ್ತಿಯ ಮೇಲೆ ನೇರ ನೋಡಿದರೆ ಮಾತ್ರ ಮೀನು ಮೀನಿನಂತೆ ಕಾಣುತ್ತದೆ. ಅಲ್ಲಿ 35ರ ಲೆನ್ಸ್, ಮತ್ತು ಮೀನಿಗಿಂತ ಮೀನು ನೋಡುವ ಮಕ್ಕಳ ಮುಖ. ನೀಲಿ ಬೆಳಕು ಬಿದ್ದು ಬಾಯಿ ತೆರೆದ ಮಗುವಿನ ಮುಂದೆ ಶಾರ್ಕ್ ಕೂಡ ಸಪ್ಪೆ. ದಾರಿಯಲ್ಲಿ ಮೆಟ್ರೊ, ವಿಮಾನ ನಿಲ್ದಾಣಗಳ ಎಕ್ಸ್-ರೇ ಯಂತ್ರಕ್ಕೆ 800ಕ್ಕಿಂತ ಹೆಚ್ಚು ವೇಗದ ರೀಲನ್ನು ಮತ್ತೆ ಮತ್ತೆ ತೂರಿಸಬೇಡಿ, ಕೈಯಲ್ಲಿ ಹಿಡಿದು ತೋರಿಸಿ ದಾಟಿಸಲು ಕೇಳಿಕೊಳ್ಳಿ.

ಹುಡುಗನಿಗೆ ನಾನು ಕೊಟ್ಟು ಕಳಿಸಿದ್ದು ಒಂದು ಎಚ್‌ಪಿ5, ರಬ್ಬರಿನ ಹುಡ್, ಚಂದ್ರಕಾಳಿಯ ತುಂಡು. ಲೆನ್ಸು ಅವರಪ್ಪನ ಐವತ್ತರದ್ದೇ. ಹದಿನೈದು ದಿನದ ಮೇಲೆ ಹಿತ್ತಲಿನ ಬಚ್ಚಲಲ್ಲಿ ಇಬ್ಬರೂ ಕೂತು ತೊಳೆದೆವು. ಮೂವತ್ತಾರರಲ್ಲಿ ಐದು ಚೆನ್ನಾಗಿ ಬಂದವು, ಐದೂ ಹುಡ್ಡನ್ನು ಗಾಜಿಗೆ ಒತ್ತಿ ತೆಗೆದವು. ಉಳಿದವುಗಳಲ್ಲಿ ಹೆಚ್ಚಿನವು ಅಲುಗಿದ್ದವು. ಒಂದರಲ್ಲಿ ಮಾತ್ರ ಮೀನಿಗಿಂತ ಸ್ಪಷ್ಟವಾಗಿ ಅವನ ಬಿಳಿ ಅಂಗಿಯ ಮೂರು ಗುಂಡಿಗಳು ಕಾಣುತ್ತಿದ್ದವು.